ಈಶಾನ್ಯ ಮೂಲೆಯ ಮಂದ ಬೆಳಕು

"ಆಯ್ತೇನೋ? ಇನ್ನೂ ಎಷ್ಟೊತ್ತು?"

ಬಚ್ಚಲ ಬಾಗಿಲಿಗೆ ಇದು ನಾಲ್ಕನೇ ಏಟು. ಚಂದ್ರಶೇಖರನ ಕಣ್ಣಲ್ಲಿ ಸೋಪು, ಕೈಯಲ್ಲಿ ಚೊಂಬು. ಹೊರಗೆ ಅಮ್ಮ ತುಳಸಮ್ಮ, ಅವರ ಹಿಂದೆ ಹೆಂಡತಿ ಸೌಪರ್ಣಿಕಾ, ಅವಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ತಮ್ಮನ ಸಂಸಾರ. ಮುಳಬಾಗಿಲಿನ ಆ ಮನೆಯಲ್ಲಿ ಒಂಬತ್ತು ಜನ, ಬಚ್ಚಲು ಒಂದೇ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ಹುಡುಗರ ಬಾಯಿ ಮುಚ್ಚಿಸುವ ಮೇಷ್ಟ್ರಿಗೆ ಮನೆಯಲ್ಲಿ ಬೆನ್ನು ಉಜ್ಜಿಕೊಳ್ಳುವಷ್ಟು ಪುರುಸೊತ್ತಿಲ್ಲ. ನಲವತ್ತೈದು ವರ್ಷ ತುಂಬಿತು; ಪಾಪ, ಒಂದು ದಿನವಾದರೂ ನೆಮ್ಮದಿಯಾಗಿ ಮೈ ತೊಳೆದವನಲ್ಲ.

ಅವತ್ತೇ ತೀರ್ಮಾನ ಮಾಡಿಬಿಟ್ಟ. ತನಗೇ ಅಂತ ಒಂದು ಸ್ನಾನದ ಕೋಣೆ. ದಿನಕ್ಕೆ ಇಪ್ಪತ್ತು ನಿಮಿಷ ಯಾರೂ ಬಾಗಿಲು ಬಡಿಯಬಾರದು, ಅಷ್ಟು ಸಿಕ್ಕರೆ ಸ್ವರ್ಗ ಬೇರೆ ಬೇಡ. ಯಾವುದೋ ದೊಡ್ಡ ಹೋಟೆಲಿನ ಸ್ಪಾದ ಚಿತ್ರ ಫೋನಿನಲ್ಲಿ ಸಿಕ್ಕಿತ್ತು. ಕಿಟಕಿಯಿಲ್ಲದ ಕರಿಕಲ್ಲಿನ ಗೋಡೆ, ಗೂಡಿನಲ್ಲಿ ಸಣ್ಣ ದೀಪ, ಮೇಲಿಂದ ಮಳೆಯ ಹಾಗೆ ನೀರು. ನೋಡಿದರೇ ಕಣ್ಣು ಎಳೆಯುತ್ತಿತ್ತು.

ತೊಂದರೆ ಒಂದೇ. ಮನೆಯ ಸುತ್ತ ಖಾಲಿ ಉಳಿದದ್ದು ಹಿತ್ತಿಲಿನ ಈಶಾನ್ಯ ಮೂಲೆ ಮಾತ್ರ. ಈಶಾನ್ಯದಲ್ಲಿ ಚಪ್ಪಲಿ ಬಿಟ್ಟವರನ್ನೇ ತುಳಸಮ್ಮ ಸುಮ್ಮನೆ ಬಿಟ್ಟವರಲ್ಲ. ದೇವರ ಮೂಲೆಯಲ್ಲಿ ಬಚ್ಚಲು ಅಂದರೆ ರಣರಂಪವೇ ಆಗಿಹೋದೀತು. ಹಾಗಾಗಿ ಚಂದ್ರಶೇಖರ ಬಚ್ಚಲು ಅನ್ನುವ ಮಾತನ್ನೇ ನುಂಗಿದ.

"ಅಮ್ಮ, ಆ ಮೂಲೇಲಿ ಒಂದು ಸಣ್ಣ ಕೋಣೆ ಕಟ್ಟಿಸ್ತೀನಿ. ಮನಶ್ಶಾಂತಿಗೆ."

ಹೂ ಕಟ್ಟುತ್ತಿದ್ದ ತುಳಸಮ್ಮ ತಲೆ ಎತ್ತಿದರು. "ಶಾಂತಿಗಾ?"

"ಹೂಂ. ಮಂದ ಬೆಳಕು, ನೀರು ಬೀಳೋ ಸದ್ದು. ಅಷ್ಟೇ."

"ಈಶಾನ್ಯದಲ್ಲಿ ನೀರಿದ್ರೆ ಒಳ್ಳೇದೇ. ಕಟ್ಟಿಸಪ್ಪ."

ಅಬ್ಬಾ, ಇಷ್ಟು ಸಲೀಸಾ! ಚಂದ್ರಶೇಖರನಿಗೆ ಅಮ್ಮನ ಮುಗ್ಧತೆ ಕಂಡು ಒಂದು ಚೂರು ನಾಚಿಕೆಯೂ ಆಯಿತು. ಒಂದೇ ಚೂರು.

ಕಲ್ಲಿನ ಕೆಲಸಕ್ಕೆ ಶಿವಾರಪಟ್ಟಣದಿಂದ ಮುನೇಶ್ ಬಂದ. ಅವನೊಬ್ಬನಿಗೆ ಮಾತ್ರ ಚಂದ್ರಶೇಖರ ಚಿತ್ರ ತೋರಿಸಿ ನಿಜ ಹೇಳಿದ. "ಇದು ಷವರ್ ರೂಮ್ ಕಣಯ್ಯಾ. ನಮ್ಮಮ್ಮನ ಕಿವಿಗೆ ಬೀಳಬಾರದು."

"ಅಟ್ಲೇ ಸಾರ್, ಹಂಗೇ ಆಗ್ಲಿ. ನಾನ್ಯಾಕೆ ಬಾಯಿ ಬಿಡ್ಲಿ?"

ಕೆಲಸಗಾರ ಅಂದರೆ ಅವನಪ್ಪ! ಕೋಣೆಯೊಳಗೆ ಚಪ್ಪಲಿ ಕಾಲು ಇಡಲಿಲ್ಲ. ಕೆಲಸ ಮುಗಿಯುವವರೆಗೆ ಬಾಡು ಮುಟ್ಟುವುದಿಲ್ಲ ಅಂದ. ಬಾಗಿಲನ್ನು ಗಿಡ್ಡ ಇಟ್ಟು, "ತಲೆ ಬಗ್ಗಿಸಿ ಹೋದ್ರೆ ಮನಸ್ಸಿಗೆ ಒಳ್ಳೇದು ಸಾರ್" ಎಂದ. ನೀರು ಉತ್ತರಕ್ಕೇ ಹರಿಯಬೇಕೆಂದು ಹಟ ಹಿಡಿದ. ಕೊನೆಗೆ ಷವರಿನ ನೇರ ಕೆಳಗೆ, ನಿಲ್ಲುವ ಹಾಸುಗಲ್ಲಿನ ನಡುಮಧ್ಯೆ ಒಂದು ದುಂಡನೆ ಗುಳಿ ಕೊರೆದ.

"ಇದ್ಯಾಕಯ್ಯಾ?"

"ಅಲುಗಾಡಬಾರದಲ್ವಾ ಸಾರ್."

ಹೌದಲ್ಲ, ಕಾಲು ಜಾರಬಾರದು. ಚಂದ್ರಶೇಖರ ಅವನ ಬುದ್ಧಿಗೆ ತಲೆದೂಗಿದ.

ಮನೆಯವರೂ ಅಷ್ಟೇ, ಒಬ್ಬರಾದರೂ ಕ್ಯಾತೆ ತೆಗೆಯಲಿಲ್ಲ. ಗೂಡಿನ ದೀಪ ಹಿತ್ತಾಳೆಯದೇ ಇರಲಿ ಅಂತ ಸೌಪರ್ಣಿಕಾ ತಾನೇ ಹುಡುಕಿ ತಂದಳು. ಒಂದು ಸಂಜೆ ತುಳಸಮ್ಮ ಮಗನ ಪಕ್ಕ ಬಂದು ಕೂತರು.

"ಒಳಗೆ ಅಂಗಿ ತೆಗೆದೇ ಹೋಗಬೇಕು ತಾನೇ?"

ಸಿಕ್ಕಿಬಿದ್ದೆ ಅಂದುಕೊಂಡ ಚಂದ್ರಶೇಖರ. "ಅಂಗಿ ಹಾಕ್ಕೊಂಡು ಯಾರಮ್ಮ ಹೋಗ್ತಾರೆ?"

"ಅದೂ ಸರಿ ಅನ್ನು. ದಿನಾ ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ. ಆಗ ಯಾರೂ ಮಾತಾಡಿಸಬಾರದು."

"ಯಾರು ಮಾತಾಡಿಸ್ತಾರೆ ಬಿಡು," ಅಂದರು ತುಳಸಮ್ಮ ಕೈ ಮುಗಿಯುತ್ತಾ. ಆ ಕೈ ಯಾಕೆ ಮುಗಿದರು ಅಂತ ಯೋಚಿಸುವ ಗೋಜಿಗೆ ಅವನು ಹೋಗಲಿಲ್ಲ.

ಕೊನೆಯ ಮೂರು ದಿನ ಉತ್ತರ ಪತ್ರಿಕೆ ತಿದ್ದಲು ಅವನು ಕೋಲಾರಕ್ಕೆ ಹೋಗಬೇಕಾಯಿತು. ಪತ್ರಿಕೆ ತಿದ್ದುತ್ತಿದ್ದರೂ ಮನಸ್ಸೆಲ್ಲ ಷವರಿನ ಕೆಳಗೇ. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟು ಮನೆ ಸೇರಿದ. ಮುಂಬಾಗಿಲು ತೆರೆದಿದೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಆಹಾ, ಇದಕ್ಕಿಂತ ಒಳ್ಳೇ ಮುಹೂರ್ತ ಬೇಕೆ! ಬಟ್ಟೆ ಬಿಚ್ಚಿ ಎಸೆದ. ಸೊಂಟಕ್ಕೆ ಟವೆಲು ಸುತ್ತಿದ. ಹೊಸ ಸೋಪು ಹಿಡಿದು, ಒಂದು ಹಳೇ ಹಾಡು ಗುನುಗುತ್ತಾ ಹಿತ್ತಿಲ ಬಾಗಿಲು ತೆರೆದ.

ನಲವತ್ತು ತಲೆಗಳು ಒಟ್ಟಿಗೆ ತಿರುಗಿದವು.

ಚಪ್ಪರ, ಮಾವಿನ ತೋರಣ, ಬೀದಿಯವರೆಲ್ಲ. ಗಿಡ್ಡ ಬಾಗಿಲ ಒಳಗೆ, ಅವನ ಹಾಸುಗಲ್ಲಿನ ಗುಳಿಯಲ್ಲಿ, ಕರಿಕಲ್ಲಿನ ಈಶ್ವರ ಲಿಂಗ. ಅವನ ಷವರು ಅದರ ಮೇಲೆ ಸುರಿಯುತ್ತಿದೆ. ನಲ್ಲಿಯ ಪಕ್ಕ ಮುನೇಶ್ ಕಣ್ಣು ಮುಚ್ಚಿ ನಿಂತಿದ್ದಾನೆ.

"ಬನ್ನಿ ಯಜಮಾನ್ರೇ! ಮಡಿಯಲ್ಲೇ ಬಂದ್ರಲ್ಲ!" ಪುರೋಹಿತರು ಕೈ ಮುಗಿದರು. "ನಲ್ಲಿ ತಿರುಗಿಸಿದ್ರೆ ಸಾಕು, ಅಭಿಷೇಕ! ಯಾರಿಗೆ ಹೊಳೆಯುತ್ತೆ ಸ್ವಾಮಿ ಇಂಥ ಯೋಚನೆ?"

ಚಂದ್ರಶೇಖರನಿಗೆ ಅಳುವೇ ಬಂತು. ತಪ್ಪು ತನ್ನದೇ. ಶಾಂತಿ ಶಾಂತಿ ಅಂತ ಬೊಗಳೆ ಬಿಟ್ಟರೆ ಪಾಪ, ಆ ಮುದುಕಿ ನಂಬದೆ ಇನ್ನೇನು ಮಾಡೀತು? ಇಷ್ಟು ಜನರೆದುರು, ಪ್ರತಿಷ್ಠೆಯಾದ ದೇವರೆದುರು, ಇದು ಬಚ್ಚಲು ಅಂತ ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ಅಮ್ಮನ ಎದೆ ಒಡೆಯುವುದಿಲ್ಲವೇ?

ತುಳಸಮ್ಮ ಹತ್ತಿರ ಬಂದು, ಅವನ ಕೈಯ ಸೋಪು ಕಿತ್ತು ಸೆರಗಿನಲ್ಲಿ ಅಡಗಿಸಿ, ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಇದು ಬಚ್ಚಲು ಅಂತ ಮುನೇಶ ಮೊದಲನೇ ದಿನವೇ ನನಗೆ ಹೇಳ್ದ ಕಣೋ, ನಾನಿನ್ನೂ ಯಾರಿಗೂ ಹೇಳಿಲ್ಲ, ಬಾಯಿ ಮುಚ್ಕೊಂಡು ಪ್ರದಕ್ಷಿಣೆ ಹಾಕು."