ಅಜ್ಜಿಯ ಮಡಿಸೀರೆ, ಮುಂಬಯಿಯ ಹಾಡು

ಒದ್ದೆ ಹತ್ತಿಸೀರೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕಿವಿಯಲ್ಲಿ ರೇಡಿಯೋ ಗೊರಗುಟ್ಟುತ್ತದೆ.

ಯಲ್ಲಾಪುರದ ನಮ್ಮ ಓಣಿಗೆ ಮೊದಲ ರೇಡಿಯೋ ತಂದವನು ಚಿಕ್ಕಪ್ಪ. ಆ ಮಧ್ಯಾಹ್ನ ಓಣಿಯೆಲ್ಲ ನಮ್ಮ ಜಗಲಿಯಲ್ಲಿತ್ತು.

"ಮುಂಬಯಿ ಹಾಡು ಅಲೆಯಾಗಿ ಬರ್ತು. ಗುಡ್ಡ, ಗೋಡೆ ಯಾವುದೂ ಅದಕ್ಕೆ ಅಡ್ಡ ಇಲ್ಲೆ," ಎಂದು ಭಾಷಣ ಬಿಗಿದು ಗುಂಡಿ ತಿರುಗಿಸಿದ. ಬರೀ ಗೊರಗೊರ.

ಅಂಗಳಕ್ಕೆ ಓಡಿದರೆ, ಅಲೆ ಹಿಡಿಯಲು ಎತ್ತರದಲ್ಲಿ ಕಟ್ಟಿದ್ದ ತಂತಿಯ ಮೇಲೆ ಅಜ್ಜಿಯ ಮಡಿಸೀರೆ! ಯಾರ ಕೈಗೂ ಎಟುಕದ ಜಾಗವೆಂದು ಕೋಲಿನಿಂದ ಹರವಿದ್ದಳು. ಒದ್ದೆ ಸೀರೆಯ ಭಾರಕ್ಕೆ ತಂತಿ ಜೋತು ಮಾಡಿನ ತಗಡಿಗೆ ತಾಗಿ, ಅಲೆ ಅಲ್ಲೇ ಸೋರಿಹೋಗುತ್ತಿತ್ತು. ಸೀರೆಯನ್ನು ಬೇರೆಯವರು ಮುಟ್ಟಿದರೆ ಮೈಲಿಗೆ; ಅವಳೇ ತೆಗೆಯಬೇಕು.

"ಆಯಿ, ಸೀರೆ ತೆಗಿ, ಅಲೆ ಬರ್ತಿಲ್ಲೆ!" ಚಿಕ್ಕಪ್ಪ ತಾಯಿಗೆ ಕೈಮುಗಿದ.

ಅಜ್ಜಿ ಕದಲಲಿಲ್ಲ. "ಅಷ್ಟೆಲ್ಲ ಗುಡ್ಡ ದಾಟಿ ಬಂದದ್ದಕ್ಕೆ ಯನ್ನ ಒಂದು ಸೀರೆ ದಾಟಲೆ ಆಗ್ತಿಲ್ಯ?"

ಮುಂಬಯಿ ಕೇಳಲು ಬಂದ ಓಣಿ, ಸೀರೆ ಒಣಗುವುದನ್ನು ನೋಡುತ್ತ ಕೂತಿತು.