ಹಿರಿಯರನ್ನೇ ಕೇಳು

ಸರಕಾರದ ಕ್ಷಮಾಯಂತ್ರ ಕೊನೆಗೂ ಸಿದ್ದಿಗಳ ಕೇರಿಗೆ ಬಂತು. ಮನೆಮನೆಗೂ ಹೋಗಿ ಕೈಮುಗಿದು, "ನಿಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದು ತಪ್ಪಾಯಿತು" ಅನ್ನುತ್ತಿತ್ತು. "ಕ್ಷಮಿಸಿದೆ" ಅನ್ನುವವರೆಗೆ ಕದಲುತ್ತಿರಲಿಲ್ಲ. ಕೆಲಸಕ್ಕೆ ಹೊತ್ತಾಯಿತೆಂದು ಎಲ್ಲರೂ ಹಾಗಂದು ಸಾಗಹಾಕಿದರು.

ಮಾದೇವಿ ಸಿದ್ದಿ ಮಾತ್ರ ಅದನ್ನು ಒಳಗೆ ಕರೆದು, ಹಿರಿಯರೆಂದು ಪೂಜಿಸುವ ತೆಂಗಿನಕಾಯಿಯ ಮುಂದೆ ನಿಲ್ಲಿಸಿದಳು.

"ಮಾರಿದ್ದು ಇವರನ್ನ. ಇವರನ್ನೇ ಕೇಳು."

ಯಂತ್ರ ಕೇಳಿತು. ಮತ್ತೆ ಕೇಳಿತು. ಸಂಜೆಯಾದರೂ ಮುಗಿದ ಕೈ ಇಳಿಸಲಿಲ್ಲ.

ಸೊಸೆ ರೇವತಿಗೆ ನೋಡಲಾಗಲಿಲ್ಲ. "ಅತ್ತೆ, ನೀವೇ ಹೇಳಿಬಿಡಿ. ಪಾಪ, ಎಷ್ಟೊತ್ತಂತ ನಿಲ್ತದೆ?"

ಮಾದೇವಿ ಒಲೆಗೆ ಕಟ್ಟಿಗೆ ತುರುಕಿದಳು.

"ಮಾರೋವಾಗ ಈ ಹಿರಿಯರೂ ಹಿಂಗೇ ಕೈಮುಗಿದು ನಿಂತಿದ್ರು, ರೇವತಿ. ಒಬ್ಬರೂ ಪಾಪ ಅನ್ಲಿಲ್ಲ."