ಮೂಸಿ ನೋಡಿದವಳು

ಸಿದ್ದಮ್ಮ ನೀರಿನ ಕೊಡವನ್ನು ತಂದು ಸಾಹುಕಾರ ಪೂವಯ್ಯನವರ ಕಾಲ ಬುಡದಲ್ಲೇ ಇಟ್ಟಳು. ಕಾಫಿ ಒಣಗಿಸುವ ಕಣದ ಮೇಲೆ ಬೆಳಗಿನ ಬಿಸಿಲು ಆಗಷ್ಟೇ ಬೀಳುತ್ತಿತ್ತು.

"ನೀವೇ ಮೂಸಿ ನೋಡಿ ಸಾವ್ಕಾರ್ರೆ. ನಿನ್ನೆ ಈ ನೀರಲ್ಲೇ ನನ್ ಮಗಳು ಕಾವ್ಯಶ್ರೀ ಮಗೀಗೆ ಸ್ನಾನ ಮಾಡ್ಸಿದ್ದು. ಮೈಯೆಲ್ಲ ಕೆಂಪು ಗುಳ್ಳೆ ಎದ್ದವೆ. ಹದಿನೇಳು ದಿನದ ಕೂಸು ಅದು."

ಪೂವಯ್ಯ ಮೂಸಲಿಲ್ಲ. ಅವರ ಪರೀಕ್ಷೆಯೇ ಬೇರೆ. ತೋಟದ ಲೆಕ್ಕ ಬರೆಯುವ ರೈಟರ್ ಧರ್ಮೇಶನಿಂದ ಗಾಜಿನ ಲೋಟ ತರಿಸಿ, ನೀರು ತುಂಬಿ, ಬಿಸಿಲಿಗೆ ಹಿಡಿದರು. "ನೋಡು, ಆಚೆಕಡೆ ಸಿಲ್ವರ್ ಮರ ಕಾಣ್ತದೆ. ಇದಕ್ಕಿಂತ ಒಳ್ಳೆ ನೀರು ಎಲ್ಲಿಂದ ತರ್ಲಿ?"

ಆಗಿದ್ದಿಷ್ಟು. ಆನೆ ಕಾಟದಿಂದ ಹತ್ತು ದಿನ ಪಿಕ್ಕಿಂಗ್ ನಿಂತು, ಹಣ್ಣೆಲ್ಲ ಒಟ್ಟಿಗೇ ಕುಯ್ಯಬೇಕಾಯಿತು. ಪಲ್ಪರ್ ಯಂತ್ರ ಹಣ್ಣಿನ ಸಿಪ್ಪೆ ಸುಲಿದು ಹೊರಬಿಟ್ಟ ಹುಳಿನೀರಿನಿಂದ ಗುಂಡಿ ಬಾಯಿಮಟ್ಟ ತುಂಬಿತು. ಪೂವಯ್ಯ ಅದಕ್ಕೆ ನಾಲ್ಕು ಮೂಟೆ ಸುಣ್ಣ ಸುರಿಸಿದರು. ಗಸಿ ತಳಕ್ಕಿಳಿದು ಮೇಲಿನ ನೀರು ತಿಳಿಯಾದದ್ದೇ ತಡ, ಗುಂಡಿಯ ಬದು ಕಡಿಸಿ ಕೆಳಗೆ ಹರಿಯುವ ತೋಡಿಗೆ ಬಿಟ್ಟರು. ತಿಳಿಯಾದರೆ ಶುದ್ಧವಾಯಿತು ಎನ್ನುವುದು ಅವರ ಮೂವತ್ತು ವರ್ಷದ ಕಾಫಿ ಶಾಸ್ತ್ರ. ಸಿದ್ದಮ್ಮನಂಥ ಆಳುಗಳಿರುವ ಲೈನ್ ಮನೆಗಳ ಹನ್ನೊಂದು ಸಂಸಾರಕ್ಕೆ ಅಡುಗೆಗೂ ಕುಡಿಯುವುದಕ್ಕೂ ಆ ತೋಡಿನ ನೀರೇ ಗತಿ.

"ಇನ್ನು ನಾಲ್ಕು ದಿನ ಸುಧಾರಿಸ್ಕೊಳ್ಳಿ. ಕಾಯಿಸಿ ಕುಡೀರಿ," ಎಂದರು ಪೂವಯ್ಯ.

"ಕಾಯ್ಸಿದ್ರೆ ನಾತ ಇನ್ನೂ ಜಾಸ್ತಿ ಆಯ್ತದೆ. ಆ ಬದು ಮುಚ್ಚಿಸ್ಬಿಡಿ ಸಾವ್ಕಾರ್ರೆ, ಅಷ್ಟು ಸಾಕು."

"ಮುಚ್ಚಿಸಿದ್ರೆ ಇವತ್ತಿನ ಪಲ್ಪರ್ ನೀರನ್ನ ನನ್ನ ತಲೆ ಮೇಲೆ ಹೊತ್ಕೊಳ್ಲಾ?"

ಅಷ್ಟರಲ್ಲಿ ಧರ್ಮೇಶ ಸಾಹುಕಾರರ ತೋಳು ಹಿಡಿದ. ಬೇರೆ ದಿನವಾಗಿದ್ದರೆ ಆ ಸಲಿಗೆಗೆ ಬೈಗುಳ ತಿನ್ನುತ್ತಿದ್ದ. "ಸಾರ್, ಮಾತಾಡ್ಬೇಡಿ. ಕೆಳಗೆ ನೋಡಿ."

ಕಾಫಿ ಗಿಡಗಳ ಸಂದಿಯಿಂದ ಆನೆಗಳು ತೋಡಿಗೆ ಇಳಿಯುತ್ತಿದ್ದವು. ಒಟ್ಟು ಏಳು. ತಿತಿಮತಿ ಕಡೆಯವರಿಗೆ ಆನೆ ಹೊಸದೇನಲ್ಲ, ಹೇಳದೆ ಕೇಳದೆ ಬರುವ ನೆಂಟರು. ಅವು ಹೋಗುವ ತನಕ ಉಸಿರು ಬಿಗಿಹಿಡಿದು ನಿಲ್ಲುವುದು ಎಲ್ಲರಿಗೂ ಅಭ್ಯಾಸ. ಮುಂದಿದ್ದದ್ದು ಮುದಿ ಹೆಣ್ಣಾನೆ, ಅದರ ಕಾಲಿಗೆ ಅಂಟಿಕೊಂಡೇ ಒಂದು ಮರಿ. ನೀರು ಕಂಡದ್ದೇ ಮರಿ ಮುನ್ನುಗ್ಗಿತು. ಹೆಣ್ಣಾನೆ ಅದಕ್ಕೆ ಮುಂಗಾಲು ಅಡ್ಡ ಇಟ್ಟು, ಸೊಂಡಿಲನ್ನು ನೀರಿನ ಹತ್ತಿರಕ್ಕೆ ಇಳಿಸಿ ಮೂಸಿತು.

ಒಂದು ಹನಿಯನ್ನೂ ಎಳೆದುಕೊಳ್ಳಲಿಲ್ಲ. ಸೊಂಡಿಲು ಮೇಲೆತ್ತಿ ಸುಮ್ಮನೆ ನಿಂತಿತು. ಹಿಂದಿದ್ದ ಐದೂ ನಿಂತಲ್ಲೇ ನಿಂತವು. ಬಾಯಾರಿ ಬಂದ ಏಳು ಆನೆಗಳ ಮುಂದೆ ತಿಳಿನೀರು ಹರಿಯುತ್ತಿತ್ತು, ಒಂದೂ ಅದನ್ನು ಮುಟ್ಟಲಿಲ್ಲ.

ಆಮೇಲೆ ನಡೆದದ್ದನ್ನು ಪೂವಯ್ಯ ತಮ್ಮ ಅರವತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಹೆಣ್ಣಾನೆ ನೀರು ಬಿಟ್ಟು ಪಕ್ಕಕ್ಕೆ ಸರಿದು, ಗುಡ್ಡದ ಬದಿಯ ಮರಳನ್ನು ಮುಂಗಾಲಿನಿಂದ ಕೆದಕತೊಡಗಿತು. ಸಡಿಲವಾದ ಮಣ್ಣನ್ನು ಸೊಂಡಿಲಿನಿಂದ ಎತ್ತಿ ಹೊರಗೆ ಹಾಕಿತು. ಮೊಣಕಾಲುದ್ದ ಗುಂಡಿಯಾದ ಮೇಲೆ ಕಾಯುತ್ತಾ ನಿಂತಿತು. ಗುಡ್ಡದ ಒರತೆ ನಿಧಾನವಾಗಿ ಜಿನುಗಿತು. ಮೊದಲು ಬಂದ ಕದಡು ನೀರನ್ನು ಎಳೆದು ಆಚೆ ಚೆಲ್ಲಿತು. ಎರಡನೆಯದನ್ನೂ ಚೆಲ್ಲಿತು. ಮೂರನೆಯ ಸಲ ಮೂಸಿ, ಮರಿಗೆ ದಾರಿ ಬಿಟ್ಟಿತು. ಸೊಂಡಿಲಲ್ಲಿ ಕುಡಿಯಲು ಇನ್ನೂ ಬಾರದ ಮರಿ ಮಂಡಿಯೂರಿ ಗುಂಡಿಗೆ ಬಾಯಿ ಹಾಕಿತು.

ಕಣದ ಮೇಲೆ ಯಾರೂ ಅಲುಗಲಿಲ್ಲ. ಪೂವಯ್ಯನವರ ಮೈ ಜುಮ್ಮೆಂದಿತು, ಕಣ್ಣು ತುಂಬಿ ಬಂತು. ತನಗಿಂತ ಎಷ್ಟೋ ದೊಡ್ಡವರೊಬ್ಬರ ಮುಂದೆ ನಿಂತಿದ್ದೇನೆ ಅನ್ನಿಸಿತು ಅವರಿಗೆ, ಜೊತೆಗೆ ನಾಚಿಕೆಯೂ ಆಯಿತು.

ಆನೆಗಳು ಸರದಿಯಲ್ಲಿ ಕುಡಿದು ಕಾಡಿನ ಕಡೆಗೆ ಹೋಗಿ, ಒಣಎಲೆಯ ಸದ್ದೂ ಅಡಗಿದ ಮೇಲೆ ಧರ್ಮೇಶ ಮೆಲ್ಲಗೆ ಕೇಳಿದ. "ಸಾರ್, ಆಳುಗಳನ್ನ ಪಿಕ್ಕಿಂಗ್‌ಗೆ ಕಳಿಸ್ಲಾ?"

ಪೂವಯ್ಯ ತೋಡಿನ ಕಡೆಗೇ ನೋಡುತ್ತಿದ್ದರು. ಸಿದ್ದಮ್ಮ ಕೊಡದ ನೀರನ್ನು ಅಲ್ಲೇ ಚೆಲ್ಲಿ, ಯಾರನ್ನೂ ಕೇಳದೆ ಕೆಳಗಿಳಿದು ಹೋಗಿದ್ದಳು. ಆನೆಯ ಹೆಜ್ಜೆಗಳ ಮಧ್ಯೆ ಕೂತು, ಗುಂಡಿಯ ನೀರನ್ನು ಬೊಗಸೆಯಲ್ಲಿ ಮೊಗೆದು ಕೊಡಕ್ಕೆ ತುಂಬುತ್ತಿದ್ದಳು. ಪೂವಯ್ಯ ಲಗುಬಗೆಯಿಂದ ಇಳಿದು ಹೋದರು.

"ಸಿದ್ದಮ್ಮ, ಅದು ಆನೆ ಬಾಯಿ ಹಾಕಿದ ನೀರು. ಮಗುವಿಗೆ ಅದ್ನ ತಗೊಂಡು ಹೋಗ್ತೀಯಾ?"

"ತನ್ ಮರೀಗೆ ಕುಡ್ಸೈತೆ ಸಾವ್ಕಾರ್ರೆ," ಎಂದಳು ಸಿದ್ದಮ್ಮ ತಲೆ ಎತ್ತದೆ. "ನಿಮ್ ನೀರು ನೀವು ಯಾರಿಗೆ ಕುಡ್ಸಿದ್ರಿ?"

ಪೂವಯ್ಯ ಮೇಲೆ ಹತ್ತಿ, ಧರ್ಮೇಶನ ಕೈಗೂ ಕೊಡದೆ ತಾವೇ ಗುದ್ದಲಿ ಹಿಡಿದು, ಕಡಿದ ಬದುವಿಗೆ ಮಣ್ಣು ಎಳೆಯತೊಡಗಿದರು.

"ಇವತ್ತು ಪಿಕ್ಕಿಂಗ್ ಬೇಡ. ಲೈನಿಗೆ ನಮ್ಮ ಮನೆ ಬಾವಿಯಿಂದ ನೀರು ಕಳಿಸು. ಆಳುಗಳನ್ನೆಲ್ಲ ಇಲ್ಲಿಗೆ ಕರಿ, ಇನ್ನೊಂದು ಗುಂಡಿ ಅಗೀಬೇಕು," ಎಂದರು. "ಬೇಗ ಆಗ್ಲಿ. ನಾಳೆ ಅವಳು ಮರಿ ಕಟ್ಕೊಂಡು ಮತ್ತೆ ಬಂದು ಮೂಸ್ತಾಳೆ."